ಸ್ಪಾಯ್ಲರ್ ಹಾಕಿದ ಮೇಲೆ ಶುರುವಾದ ಕಾಟಗಳು: ಡಾಟ್ಸನ್ 240ಝಡ್ ದೋಷ ನಿವಾರಣೆ ಕೈಪಿಡಿ

ಶನಿವಾರ ಇಡೀ ದಿನ ಗ್ಯಾರೇಜಿನಲ್ಲಿ ಕೂತು ನನ್ನ 1972ರ ಡಾಟ್ಸನ್ 240ಝಡ್‌ಗೆ ಮುಂದಿನ ಸ್ಪಾಯ್ಲರ್ (ಮೂತಿಯ ಕೆಳಗೆ ಗಾಳಿ ತಡೆಯುವ ತುಂಡು) ಹಾಕಿದೆ. ಭಾನುವಾರ ಬೆಳಿಗ್ಗೆ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಿಂದ 680 ಹೆದ್ದಾರಿ ಹಿಡಿದು ಸುನೋಲ್ ಏರು ಹತ್ತಿದೆ. ಅರ್ಧ ಏರುವಷ್ಟರಲ್ಲಿ ಟೆಂಪರೇಚರ್ ಮುಳ್ಳು ನಡುವಿನಿಂದ ಮೇಲಕ್ಕೆ ಸರಿಯತೊಡಗಿತು. ಮೂತಿಯ ಕಡೆಯಿಂದ ಗುಂಯ್ ಎನ್ನುವ ಸದ್ದು. ಪಕ್ಕಕ್ಕೆ ನಿಲ್ಲಿಸೋಣ ಎಂದು ಬಲಗಡೆ ಇಂಡಿಕೇಟರ್ ಹಾಕಿದರೆ ಅದು ಮಿಣುಕಲಿಲ್ಲ, ಉರಿದು ಹಾಗೇ ನಿಂತುಬಿಟ್ಟಿತು. ಒಂದೇ ಏರಿನಲ್ಲಿ ಮೂರು ದೋಷ.

ಮೊದಲು ನನಗೆ ಸಿಟ್ಟು ಬಂದಿದ್ದು ಸ್ಪಾಯ್ಲರ್ ಮೇಲೆ. ಆಮೇಲೆ ಒಂದೊಂದಾಗಿ ಹುಡುಕಿದಾಗ ಗೊತ್ತಾಯಿತು, ಮೂರರಲ್ಲಿ ಒಂದೂ ಅದರ ತಪ್ಪಲ್ಲ. ಅದನ್ನು ಹಾಕಲು ನಾನು ಏನೇನು ಬಿಚ್ಚಿದ್ದೆನೋ, ತಪ್ಪು ಅಲ್ಲಿತ್ತು. ಹಾಗಾಗಿ ಯಾವುದೇ ಲಕ್ಷಣ ಕಂಡರೂ ನಿಮ್ಮನ್ನು ನೀವು ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಇದು: ಏನು ಬಿಚ್ಚಿದೆ, ಅದರಲ್ಲಿ ಯಾವುದು ವಾಪಸ್ ಹೋಗಿಲ್ಲ? ಒಂದು ಹಾಳೆ ತಗೊಂಡು ಬರೆಯಿರಿ. ಡಬ್ಬದಲ್ಲಿ ಉಳಿದ ಬೋಲ್ಟುಗಳನ್ನು ಎಣಿಸಿ. ಬೋಲ್ಟು ಉಳಿದಿದ್ದರೆ ಅರ್ಧ ಉತ್ತರ ಅಲ್ಲೇ ಇದೆ.

ಈ ಕಾರಿಗೆ ಸ್ಪಾಯ್ಲರ್ ಯಾಕೆ ಬೇಕು ಅನ್ನುವುದನ್ನೂ ಸ್ವಲ್ಪ ನೋಡಿಬಿಡೋಣ, ದೋಷ ಹುಡುಕಲು ಅದು ಬೇಕಾಗುತ್ತದೆ. ಡಾಟ್ಸನ್ ಬ್ರಾಂಡಿನ ಒಡೆಯ ನಿಸ್ಸಾನ್ 1969ರಲ್ಲಿ ಹೊರತಂದ ಈ ಕಾರಿನ ಮೂತಿ ಉದ್ದ. ವೇಗ ಹೆಚ್ಚಿದಂತೆ ಗ್ರಿಲ್‌ನಿಂದ ನುಗ್ಗಿದ ಗಾಳಿ ಬಾನೆಟ್ ಒಳಗೆ ಕಿಕ್ಕಿರಿಯುತ್ತದೆ, ಕೆಳಗಿನಿಂದಲೂ ಗಾಳಿ ಒತ್ತುತ್ತದೆ. ಎರಡೂ ಸೇರಿ ಮೂತಿಯನ್ನು ಎತ್ತುತ್ತವೆ. ಸ್ಟೀರಿಂಗ್ ಹಗುರವಾಗುತ್ತದೆ. ಕೆಳಗೆ ನುಗ್ಗುವ ಗಾಳಿಯನ್ನು ತಡೆದು ಈ ಎತ್ತುವಿಕೆಯನ್ನು ತಗ್ಗಿಸುವುದೇ ಸ್ಪಾಯ್ಲರ್ ಕೆಲಸ. ಅಮೆರಿಕದಲ್ಲಿ ಪೀಟ್ ಬ್ರಾಕ್ ಅವರ ಬಿಆರ್‌ಇ ತಂಡ 240ಝಡ್ ಓಡಿಸಿ 1970 ಮತ್ತು 1971ರಲ್ಲಿ ಎಸ್‌ಸಿಸಿಎ (ಅಮೆರಿಕದ ಸ್ಪೋರ್ಟ್ಸ್ ಕಾರ್ ಕ್ಲಬ್) ಸಿ-ಪ್ರೊಡಕ್ಷನ್ ವರ್ಗದ ರಾಷ್ಟ್ರೀಯ ಚಾಂಪಿಯನ್‌ಶಿಪ್ ಗೆದ್ದಿತು, ಚಾಲಕ ಜಾನ್ ಮಾರ್ಟನ್. ಆ ತಂಡದ ಕಾರುಗಳ ಮೂತಿ ನೋಡಿಯೇ ನಮ್ಮಂಥವರಿಗೆಲ್ಲ ಸ್ಪಾಯ್ಲರ್ ಹುಚ್ಚು ಹತ್ತಿದ್ದು.

ಮನೆಯಲ್ಲಿ ಹಾಕುವ ತುಂಡುಗಳಲ್ಲಿ ಎರಡು ಬಗೆ. ಬಂಪರ್ ಕೆಳಗಿನ ತಗಡನ್ನು ಹಾಗೇ ಬಿಟ್ಟು ಅದರ ಅಂಚಿಗೆ ಸಿಕ್ಕಿಸುವುದು ಒಂದು. ಆ ತಗಡನ್ನೇ ತೆಗೆದು ಅದರ ಜಾಗದಲ್ಲಿ ಕೂರುವುದು ಇನ್ನೊಂದು. ನನ್ನದು ಎರಡನೆಯ ಬಗೆ, ಫೈಬರ್‌ಗ್ಲಾಸ್. ಈ ಬಗೆಯಲ್ಲಿ ಜಾಸ್ತಿ ಬಿಚ್ಚಬೇಕು, ಹಾಗಾಗಿ ದೋಷವೂ ಜಾಸ್ತಿ.

ಕಾರಿನ ಕೆಳಗೆ ಹೋಗುವ ಮೊದಲು ಒಂದು ಮಾತು. ಜ್ಯಾಕ್ ಒಂದನ್ನೇ ನಂಬಿ ಕೆಳಗೆ ತೂರಬೇಡಿ, ಸ್ಟ್ಯಾಂಡ್ ಕೊಡಿ. ಫೈಬರ್‌ಗ್ಲಾಸ್ ಕೊರೆಯುವಾಗ ಮಾಸ್ಕ್, ಕನ್ನಡಕ ಇರಲಿ. ಆ ಪುಡಿಯ ತುರಿಕೆ ಎರಡು ದಿನ ಬಿಡುವುದಿಲ್ಲ.

ಎಂಜಿನ್ ಬಿಸಿಯಾಗುತ್ತಿದೆ

ಎಲ್ಲಕ್ಕಿಂತ ಹೆದರಿಸುವ ದೋಷ ಇದೇ, ಹಾಗಾಗಿ ಇಲ್ಲೇ ಸ್ವಲ್ಪ ಹೊತ್ತು ನಿಲ್ಲೋಣ.

ಬಿಸಿ ಯಾವಾಗ ಏರುತ್ತದೆ? ಸಿಗ್ನಲ್ಲಿನಲ್ಲಿ ನಿಂತಾಗಲೋ, ಹೆದ್ದಾರಿಯಲ್ಲಿ ಓಡುವಾಗಲೋ? ನಿಂತಾಗ ಏರಿ, ಓಡಿದಾಗ ಇಳಿದರೆ ಸ್ಪಾಯ್ಲರನ್ನು ಮರೆತುಬಿಡಿ. ನಿಂತ ಕಾರಿಗೆ ಗಾಳಿ ಎಳೆಯುವುದು ಫ್ಯಾನ್. ಫ್ಯಾನ್ ಬೆಲ್ಟ್ ಸಡಿಲವಾಗಿರಬಹುದು, ಫ್ಯಾನ್ ಕ್ಲಚ್ ಸೋತಿರಬಹುದು, ಇಗ್ನಿಷನ್ ಟೈಮಿಂಗ್ ಹಿಂದೆ ಬಿದ್ದಿರಬಹುದು. ನಿಂತಾಗಲೂ ಓಡುವಾಗಲೂ ಬಿಸಿಯಾದರೆ ಕೂಲಂಟ್ ಕಡಿಮೆ ಇದೆಯೇ, ಥರ್ಮೋಸ್ಟಾಟ್ (ಬಿಸಿಗೆ ತೆರೆದು ಕೂಲಂಟ್ ಬಿಡುವ ಬಾಗಿಲು) ಅಂಟಿಕೊಂಡಿದೆಯೇ, ರೇಡಿಯೇಟರ್ ಮುಚ್ಚಳ ಒತ್ತಡ ಹಿಡಿಯುತ್ತಿದೆಯೇ ನೋಡಿ. ನಿಂತಾಗ ಸರಿಯಿದ್ದು ವೇಗ ಗಂಟೆಗೆ 50 ಮೈಲಿ ದಾಟಿದ ಮೇಲೆ ಏರಿದರೆ ಮಾತ್ರ ಗಾಳಿಯ ದಾರಿಯ ಮೇಲೆ ಅನುಮಾನ ಪಡಬೇಕು.

ಮುಳ್ಳು ನಿಜ ಹೇಳುತ್ತಿದೆಯೇ ಅನ್ನುವುದನ್ನೂ ನೋಡಿ. 50 ವರ್ಷದ ಗೇಜ್ ಅದು. ಥರ್ಮೋಸ್ಟಾಟ್ ಗೂಡಿನ ಮೇಲೆ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ಅಳೆಯಿರಿ. ಹೊಳೆಯುವ ಅಲ್ಯೂಮಿನಿಯಂ ಮೇಲೆ ಅದು ಕಡಿಮೆ ತೋರಿಸಿ ಮೋಸ ಮಾಡುತ್ತದೆ, ಆದ್ದರಿಂದ ಅಳೆಯುವ ಜಾಗಕ್ಕೆ ಒಂದು ತುಂಡು ಕಪ್ಪು ಟೇಪು ಅಂಟಿಸಿಕೊಳ್ಳಿ. 82 ಡಿಗ್ರಿ ಸೆಲ್ಸಿಯಸ್ ಥರ್ಮೋಸ್ಟಾಟ್ ಇರುವ ಕಾರು ಹೆದ್ದಾರಿಯಲ್ಲಿ ಅದರ ಆಸುಪಾಸಿನಲ್ಲೇ ಇರಬೇಕು. ಏರಿನಲ್ಲಿ ಸ್ವಲ್ಪ ಮೇಲೆ ಹೋಗಿ ಇಳಿಜಾರಿನಲ್ಲಿ ವಾಪಸ್ ಬಂದರೆ ಚಿಂತೆಯಿಲ್ಲ.

ಕೆಲಸಕ್ಕೆ ಜಾಗ ಮಾಡಿಕೊಳ್ಳಲು ರೇಡಿಯೇಟರ್ ಬಿಚ್ಚಿದ್ದಿರಾ? ಹಾಗಾದರೆ ಒಳಗೆ ಗಾಳಿ ಸಿಕ್ಕಿಕೊಂಡಿರುವ ಸಾಧ್ಯತೆ ಇದೆ. ಎಂಜಿನ್ ತಣ್ಣಗಿರುವಾಗ ಕಾರಿನ ಮೂತಿ ಎತ್ತರಿಸಿ, ಹೀಟರ್ ಪೂರ್ತಿ ಬಿಸಿಗಿಟ್ಟು, ಮುಚ್ಚಳ ತೆಗೆದು ಎಂಜಿನ್ ಓಡಿಸಿ. ಗುಳ್ಳೆ ನಿಲ್ಲುವವರೆಗೂ ಕೂಲಂಟ್ ತುಂಬುತ್ತಿರಿ. ಬಿಸಿ ಎಂಜಿನ್‌ನ ಮುಚ್ಚಳಕ್ಕೆ ಮಾತ್ರ ಯಾವತ್ತೂ ಕೈ ಹಾಕಬೇಡಿ.

ಇಷ್ಟೂ ಸರಿಯಿದ್ದರೆ ಗಾಳಿಯ ಲೆಕ್ಕಕ್ಕೆ ಬನ್ನಿ. ಗಾಳಿ ಸೋಮಾರಿ. ರೇಡಿಯೇಟರಿನ ಸಣ್ಣ ಸಣ್ಣ ಸಂದಿಗಳಲ್ಲಿ ನುಸುಳಿ ಹೋಗುವುದಕ್ಕಿಂತ ಪಕ್ಕದಲ್ಲೊಂದು ಕಿಂಡಿ ಸಿಕ್ಕರೆ ಅಲ್ಲೇ ಜಾರಿಕೊಳ್ಳುತ್ತದೆ. ಕಾರಿನ ಮೂತಿಯಿಂದ ರೇಡಿಯೇಟರ್ ತನಕ ಒಂದು ಪೆಟ್ಟಿಗೆಯಂತೆ ಮುಚ್ಚಿರಬೇಕು, ಆಗ ಮಾತ್ರ ಬಂದ ಗಾಳಿಗೆ ಒಳಹೋಗದೆ ಬೇರೆ ದಾರಿ ಇರುವುದಿಲ್ಲ. ಸರಿಯಾಗಿ ಕೂತ ಸ್ಪಾಯ್ಲರ್ ಇದಕ್ಕೆ ಸಹಾಯವನ್ನೇ ಮಾಡುತ್ತದೆ. ಅದರ ಹಿಂದೆ, ಕಾರಿನ ಕೆಳಗೆ ಒತ್ತಡ ತಗ್ಗುತ್ತದೆ. ರೇಡಿಯೇಟರ್ ದಾಟಿದ ಬಿಸಿಗಾಳಿಯನ್ನು ಅದು ಕೆಳಕ್ಕೆ ಎಳೆದುಕೊಳ್ಳುತ್ತದೆ. 1982ರಿಂದ 1992ರ ತನಕ ಬಂದ ಕ್ಯಾಮರೋ ಕಾರುಗಳಲ್ಲಂತೂ ರೇಡಿಯೇಟರಿಗೆ ಗಾಳಿ ತಿರುಗಿಸುವುದೇ ಕೆಳಗೆ ನೇತಾಡುವ ಆ ಪ್ಲಾಸ್ಟಿಕ್ ತುಂಡು. ಅದು ಮುರಿದುಬಿದ್ದರೆ ಹೆದ್ದಾರಿಯಲ್ಲಿ ಎಂಜಿನ್ ಬಿಸಿಯಾಗುತ್ತದೆ. ಹಾಗಿರುವಾಗ ಸ್ಪಾಯ್ಲರ್ ಹಾಕಿದ ಮೇಲೆ ಬಿಸಿ ಏರಿದರೆ, ಎಲ್ಲೋ ಹೊಸ ಕಿಂಡಿ ತೆರೆದಿದೆ ಎಂದೇ ಲೆಕ್ಕ.

ಕಿಂಡಿ ಹುಡುಕುವುದು ಹೀಗೆ. ಕತ್ತಲಾದ ಮೇಲೆ ರೇಡಿಯೇಟರ್ ಹಿಂದೆ ಒಂದು ಟಾರ್ಚ್ ಹಚ್ಚಿಟ್ಟು ಮುಂದಿನಿಂದ ನೋಡಿ. ರೇಡಿಯೇಟರ್ ಬಿಟ್ಟು ಬೇರೆ ಎಲ್ಲೆಲ್ಲಿ ಬೆಳಕು ಕಾಣುತ್ತದೋ ಅಲ್ಲೆಲ್ಲ ಗಾಳಿ ಸೋರುತ್ತಿದೆ. ಎರಡೂ ಪಕ್ಕ, ಮೇಲೆ, ಮುಖ್ಯವಾಗಿ ಕೆಳಗೆ. ಆಮೇಲೆ ರಟ್ಟು, ಡಕ್ಟ್ ಟೇಪು ತಗೊಂಡು ಆ ಸಂದಿಗಳನ್ನೆಲ್ಲ ತಾತ್ಕಾಲಿಕವಾಗಿ ಮುಚ್ಚಿ. ರಟ್ಟು ಫ್ಯಾನಿಗಾಗಲಿ ಬಿಸಿ ಪೈಪಿಗಾಗಲಿ ತಾಗದಂತೆ ನೋಡಿಕೊಳ್ಳಿ. ಅದೇ ರಸ್ತೆ, ಅದೇ ಹೊತ್ತು, ಅದೇ ವೇಗದಲ್ಲಿ ಇನ್ನೊಂದು ಸುತ್ತು ಹೋಗಿ ಬನ್ನಿ. ಮುಳ್ಳು ಕೆಳಗಿಳಿದರೆ ರೋಗ ಸಿಕ್ಕಿತು.

ನನಗೆ ಸಿಕ್ಕಿದ್ದು ಹೀಗಲ್ಲ ಅನ್ನಿ. ಎರಡು ವಾರ ಥರ್ಮೋಸ್ಟಾಟ್, ಹೋಸ್ ಎಂದು ಒಂದೊಂದೇ ಬದಲಾಯಿಸುತ್ತ ದುಡ್ಡು ಕಳೆದೆ. ಮೂರನೇ ವಾರ ಗ್ಯಾರೇಜಿಗೆ ಬಂದ ನನ್ನ ಹೆಂಡತಿ, "ರೀ, ವಾಟರ್ ಹೀಟರ್ ಹಿಂದೆ ಒಂದು ತುಕ್ಕು ಹಿಡಿದ ತಗಡು ನಿಂತಿದೆಯಲ್ಲ, ಎಸೀಲಾ?" ಅಂದಳು. ಅದು ಮೂತಿಯಿಂದ ರೇಡಿಯೇಟರ್ ಬುಡದ ತನಕ ಕೆಳಗೆ ಮುಚ್ಚುವ ಸ್ಪ್ಲ್ಯಾಶ್ ಪ್ಯಾನ್. ಬಿಚ್ಚುವಾಗ ಎರಡು ಬೋಲ್ಟು ಮುರಿದಿದ್ದವು. ಹೊಸ ತುಂಡಿನ ತೂತುಗಳೂ ಅದಕ್ಕೆ ಕೂಡಿಬರಲಿಲ್ಲ. "ಈ ತಗಡು ಏನು ಮಹಾ ಕೆಲಸ ಮಾಡುತ್ತೆ, ಕಲ್ಲು ಸಿಡಿಯದಂತೆ ತಡೆಯೋಕೆ ತಾನೆ" ಎಂದು ನಾನೇ ಪಕ್ಕಕ್ಕೆ ಒರಗಿಸಿದ್ದೆ. ಅದಿಲ್ಲದೆ ರೇಡಿಯೇಟರಿಗೆ ಹೋಗಬೇಕಾದ ಗಾಳಿ ಬುಡದಿಂದ ಕೆಳಕ್ಕೆ ಸೋರುತ್ತಿತ್ತು.

ಕಿಂಡಿ ಇಲ್ಲದಿದ್ದರೆ ಅಡ್ಡ ಏನಿದೆ ನೋಡಿ. ಕ್ಯಾಲಿಫೋರ್ನಿಯಾದಲ್ಲಿ ಮುಂದೆಯೂ ನಂಬರ್ ಪ್ಲೇಟ್ ಬೇಕು. ಬಹಳ ಜನ ಅದನ್ನು ತಂದು ಸ್ಪಾಯ್ಲರ್‌ನ ಗಾಳಿಬಾಯಿಗೇ ಅಡ್ಡ ಕಟ್ಟುತ್ತಾರೆ. ಫಾಗ್ ಲ್ಯಾಂಪ್, ಆಯಿಲ್ ಕೂಲರ್ ಕೂಡ ಹಾಗೇ.

ಎಲ್ಲ ನೋಡಿಯೂ ಗೊತ್ತಾಗಲಿಲ್ಲವೇ? ಸ್ಪಾಯ್ಲರ್ ಬಿಚ್ಚಿ, ಹಳೆ ತಗಡು, ಪ್ಯಾನ್ ಎರಡನ್ನೂ ಹಾಕಿ ಅದೇ ಏರು ಹತ್ತಿ. ಹೊಸದಾಗಿ ಪೇಂಟ್ ಮಾಡಿದ್ದನ್ನು ಬಿಚ್ಚಲು ಯಾರಿಗೂ ಮನಸ್ಸು ಬರುವುದಿಲ್ಲ, ನನಗೂ ಬರಲಿಲ್ಲ. ಆದರೆ ಇಷ್ಟು ಖಚಿತ ಉತ್ತರ ಕೊಡುವ ಪರೀಕ್ಷೆ ಇನ್ನೊಂದಿಲ್ಲ. ಆಗಲೂ ಬಿಸಿಯಾದರೆ ರೇಡಿಯೇಟರ್ ಒಳಗೆ ಕಟ್ಟಿಕೊಂಡಿದೆ, ಇಲ್ಲವೇ ಕೆಳಗಿನ ಹೋಸ್ ಕುಗ್ಗುತ್ತಿದೆ. ಹೋಸ್ ನೋಡುವುದು ಸುಲಭ: ಬಾನೆಟ್ ಎತ್ತಿ, ಯಾರಿಗಾದರೂ ಎಂಜಿನ್ ಏರಿಸಲು ಹೇಳಿ. ವಾಟರ್ ಪಂಪಿನ ಎಳೆತಕ್ಕೆ ಹೋಸ್ ಚಪ್ಪಟೆಯಾದರೆ ಅದೇ ಕಳ್ಳ.

ಇಂಡಿಕೇಟರ್ ಉರಿಯುತ್ತದೆ, ಮಿಣುಕುವುದಿಲ್ಲ

240ಝಡ್‌ನ ಮುಂದಿನ ಇಂಡಿಕೇಟರ್ ದೀಪಗಳು ಇರುವುದು ಬಂಪರ್ ಕೆಳಗಿನ ತಗಡಿನಲ್ಲಿ. ತಗಡು ತೆಗೆದರೆ ದೀಪವನ್ನೂ ತೆಗೆದು ಹೊಸ ತುಂಡಿಗೆ ಕೂರಿಸಬೇಕು. ದೋಷ ಹುಟ್ಟುವುದು ಇಲ್ಲೇ.

ಹಳೆ ಕಾರಿನ ಫ್ಲಾಷರ್ ಬಿಸಿಯಿಂದ ಕೆಲಸ ಮಾಡುವ ಡಬ್ಬಿ. ಎರಡು ಬಲ್ಬಿನ ಕರೆಂಟ್ ಅದರೊಳಗೆ ಹರಿದಾಗ ಒಳಗಿನ ಪಟ್ಟಿ ಕಾದು ಬಾಗಿ, ಬಿಟ್ಟು ಹಿಡಿದು ಮಾಡುತ್ತದೆ. ಮುಂದಿನ ಬಲ್ಬಿಗೆ ಕರೆಂಟ್ ಸರಿಯಾಗಿ ಹರಿಯದಿದ್ದರೆ ಪಟ್ಟಿ ಸಾಕಷ್ಟು ಕಾಯುವುದಿಲ್ಲ. ಹಿಂದಿನ ದೀಪ ಉರಿದು ಸುಮ್ನೆ ನಿಂತಿರುತ್ತದೆ. ಬಹಳ ಜನ ಹೊಸ ಫ್ಲಾಷರ್ ಕೊಂಡು ತರುತ್ತಾರೆ. ಬೇಡ, ಮೊದಲು ಮುಂದೆ ಹೋಗಿ ಬಲ್ಬು ನೋಡಿ.

ಬಲ್ಬು ಚೆನ್ನಾಗಿದ್ದರೆ ಅರ್ಥ್ (ಕರೆಂಟ್ ಬಾಡಿಯ ಲೋಹದ ಮೂಲಕ ಬ್ಯಾಟರಿಗೆ ವಾಪಸ್ ಹೋಗುವ ದಾರಿ) ನೋಡಿ. ಒಂದೇ ಬಲ್ಬಿನಲ್ಲಿ ಇಂಡಿಕೇಟರ್, ಪಾರ್ಕಿಂಗ್ ಎರಡೂ ತಂತಿಗಳಿವೆ. ಅರ್ಥ್ ಕಳಚಿದ್ದರೆ ಕರೆಂಟ್ ವಾಪಸ್ ಹೋಗಲು ಪಾರ್ಕಿಂಗ್ ತಂತಿಯ ದಾರಿ ಹಿಡಿಯುತ್ತದೆ. ಹೆಡ್‌ಲೈಟ್ ಸ್ವಿಚ್ ಆಫ್ ಇದ್ದಾಗ ಇಂಡಿಕೇಟರ್ ಹಾಕಿದರೆ ಪಾರ್ಕಿಂಗ್ ದೀಪಗಳು ಮಂಕಾಗಿ ಮಿನುಗುತ್ತಿವೆಯೇ? ಹಾಗಿದ್ದರೆ ಅನುಮಾನವೇ ಬೇಡ, ಅರ್ಥ್ ಹೋಗಿದೆ. ಖಾತ್ರಿಗೆ ಮಲ್ಟಿಮೀಟರ್ ತಗೊಳ್ಳಿ. ಇಂಡಿಕೇಟರ್ ಹಾಕಿಟ್ಟು, ಒಂದು ಮೊನೆ ಹೋಲ್ಡರಿನ ಲೋಹಕ್ಕೆ, ಇನ್ನೊಂದು ಬ್ಯಾಟರಿಯ ನೆಗೆಟಿವ್‌ಗೆ ಹಿಡಿಯಿರಿ. ಸೊನ್ನೆಯ ಹತ್ತಿರ ಬರಬೇಕು. ಅರ್ಧ ವೋಲ್ಟ್, ಒಂದು ವೋಲ್ಟ್ ತೋರಿಸಿದರೆ ಅರ್ಥ್ ಸರಿಯಿಲ್ಲ.

ಕಬ್ಬಿಣದ ತಗಡಿನ ಮೂಲಕ ಅರ್ಥ್ ಆಗುತ್ತಿದ್ದ ದೀಪವನ್ನು ಫೈಬರ್‌ಗ್ಲಾಸಿಗೆ ಕೂರಿಸಿದರೆ ಕರೆಂಟ್ ವಾಪಸ್ ಹೋಗುವುದಾದರೂ ಎಲ್ಲಿಂದ? ಡಾಟ್ಸನ್‌ನಲ್ಲಿ ಕಪ್ಪು ವೈರು ಅರ್ಥ್. ಒಂದು ಕಪ್ಪು ವೈರನ್ನು ಹೋಲ್ಡರಿನಿಂದ ಬಾಡಿಯ ಬರೀ ಲೋಹದ ತನಕ ಎಳೆದು, ಪೇಂಟ್ ಕೆರೆದು, ನಕ್ಷತ್ರ ವಾಷರ್ ಹಾಕಿ ಬಿಗಿಯಿರಿ. ನಾನು ಎಡಗಡೆ ಹೀಗೆ ಮಾಡಿ, ಊಟಕ್ಕೆ ಹೋಗಿ ಬಂದು ಬಲಗಡೆ ಮರೆತಿದ್ದೆ.

ವೇಗದಲ್ಲಿ ಮೂತಿ ಗುಂಯ್‌ಗುಟ್ಟುತ್ತದೆ, ಅದುರುತ್ತದೆ

ಅದುರುವುದು ಸ್ಪಾಯ್ಲರೋ ಚಕ್ರವೋ ಅನ್ನುವುದನ್ನು ಮೊದಲು ಬೇರ್ಪಡಿಸಿ. ಪ್ರತಿ ಸಲವೂ 60 ಮೈಲಿಗೆ ಸರಿಯಾಗಿ ಶುರುವಾಗಿ ಸ್ಟೀರಿಂಗ್ ಕೈಯಲ್ಲಿ ನಡುಗಿದರೆ ಅದು ವೀಲ್ ಬ್ಯಾಲೆನ್ಸ್. ಲಾರಿಯ ಹಿಂದೆ ಸೇರಿದಾಗ ಬದಲಾಗುತ್ತ, ಅಡ್ಡಗಾಳಿ ಬೀಸಿದಾಗ ಹೆಚ್ಚುತ್ತ, ಸ್ಟೀರಿಂಗ್‌ಗೆ ಬಾರದೆ ಬರೀ ಸದ್ದಾದರೆ ಸ್ಪಾಯ್ಲರ್.

ಗಾಳಿಯ ಬಲ ಎಷ್ಟಿರುತ್ತದೆ ಎಂದು ನಾವು ಅಂದಾಜು ಮಾಡುವುದೇ ಇಲ್ಲ. 70 ಮೈಲಿ ವೇಗದಲ್ಲಿ ಒಂದು ಚದರ ಮೀಟರಿಗೆ ಸುಮಾರು 60 ಕೆಜಿ ಒತ್ತಡ. ಸ್ಪಾಯ್ಲರ್ 140 ಸೆಂಟಿಮೀಟರ್ ಅಗಲ, 15 ಸೆಂಟಿಮೀಟರ್ ಎತ್ತರ ಅಂತಿಟ್ಟುಕೊಳ್ಳಿ. ಅದರ ಮೇಲೆ 12 ಕೆಜಿ ಬೀಳುತ್ತದೆ. 25 ಕೆಜಿ ಸೋನಾ ಮಸೂರಿ ಚೀಲದ ಅರ್ಧ! 35 ಮೈಲಿಯಲ್ಲಾದರೆ ಬರೀ 3 ಕೆಜಿ. ಊರೊಳಗೆ ಸುಮ್ಮನಿದ್ದದ್ದು ಹೆದ್ದಾರಿಯಲ್ಲಿ ಅರಚುವುದು ಇದಕ್ಕೇ.

ಕೆಳಗಿನ ಅಂಚಿನ ನಡುಭಾಗ ಹಿಡಿದು ಹಿಂದಕ್ಕೆ ತಳ್ಳಿ ನೋಡಿ. ಹೆಬ್ಬೆರಳಿನ ಅಗಲಕ್ಕಿಂತ ಜಾಸ್ತಿ ಸರಿದರೆ ಆಸರೆ ಸಾಲದು. ಮೇಲಿನ ಅಂಚಿಗೆ ಎಷ್ಟು ಬೋಲ್ಟು ಹಾಕಿದರೂ ಕೆಳಗಿನ ಅಂಚು ಬಾವುಟದಂತೆ ಆಡುತ್ತಲೇ ಇರುತ್ತದೆ. ಅದಕ್ಕೆ ಬೇಕಿರುವುದು ಹಿಂದಿನಿಂದ ಎರಡು ಸರಳಿನ ಆಸರೆ. ರೇಡಿಯೇಟರ್ ಹಿಡಿದ ಚೌಕಟ್ಟಿನ ಬುಡದಿಂದ ಸ್ಪಾಯ್ಲರ್‌ನ ಕೆಳ ಅಂಚಿಗೆ, ಎಡಕ್ಕೊಂದು ಬಲಕ್ಕೊಂದು. ನನ್ನ ಗುಂಯ್ ನಿಂತಿದ್ದು ಈ ಸರಳುಗಳಿಂದ. ಹಳೆ ಪ್ಯಾನ್ ಕೆಳ ಅಂಚನ್ನೂ ಹಿಡಿದುಕೊಂಡಿತ್ತು ಅನ್ನುವುದು ಆಗ ಹೊಳೆಯಿತು. ಬಿಸಿ, ಗುಂಯ್ ಎರಡಕ್ಕೂ ಒಂದೇ ತಗಡು ಕಾರಣ.

ಬೋಲ್ಟಿನ ತೂತಿನ ಸುತ್ತ ಜೇಡರ ಬಲೆಯಂಥ ಬಿರುಕು ಕಂಡರೆ ಅತಿಯಾಗಿ ಬಿಗಿದಿದ್ದೀರಿ. ಎಂ6 ಬೋಲ್ಟು, 10ರ ಸ್ಪ್ಯಾನರ್, ಸಣ್ಣ ಹಿಡಿ ಸಾಕು. ಅಗಲ ವಾಷರ್, ಅದರಡಿ ರಬ್ಬರ್, ಸಡಿಲವಾಗದ ನೈಲಾಕ್ ನಟ್ಟು ಹಾಕಿ. ವಾಷರ್ ಫೈಬರ್‌ಗ್ಲಾಸನ್ನು ಹಿಡಿದುಕೊಂಡರೆ ಸಾಕು, ಹಿಂಡಬಾರದು.

ಅಂಚು ಅಲೆಅಲೆಯಾಗಿದೆ, ಇಲ್ಲವೇ ಸೊಟ್ಟಗಿದೆ

ಬೆಳಿಗ್ಗೆ ನೆಟ್ಟಗಿದ್ದು ಮಧ್ಯಾಹ್ನ ಬಿಸಿಲಿಗೆ ಅಲೆಯಾದರೆ ನಿಮ್ಮದು ಯೂರಿಥೇನ್ (ಬಾಗುವ ಪ್ಲಾಸ್ಟಿಕ್) ತುಂಡು. ಬಿಸಿಗೆ ಅದು ಉಕ್ಕಿಗಿಂತ ಹಲವು ಪಟ್ಟು ಹಿಗ್ಗುತ್ತದೆ. ತೂತುಗಳೆಲ್ಲ ಬಿಗಿಯಾಗಿದ್ದರೆ ಹಿಗ್ಗಿದ್ದು ಎಲ್ಲಿಗೆ ಹೋಗಬೇಕು? ಉಬ್ಬುತ್ತದೆ. ನಡುವಿನ ಒಂದು ತೂತು ಮಾತ್ರ ದುಂಡಗಿರಲಿ, ಉಳಿದವನ್ನು ಅಡ್ಡಕ್ಕೆ ಉದ್ದ ಮಾಡಿ. ನಡುವಿನಿಂದ ಎರಡೂ ಕಡೆಗೆ ಬಿಗಿಯುತ್ತ ಹೋಗಿ.

ಸೊಟ್ಟಗಿದ್ದರೆ ನೆಲದಿಂದ ಅಳೆಯಬೇಡಿ. ಗ್ಯಾರೇಜಿನ ನೆಲಕ್ಕೆ ನೀರು ಹರಿಯಲು ಇಳಿಜಾರು ಕೊಟ್ಟಿರುತ್ತಾರೆ, ಜೊತೆಗೆ ಎರಡು ಟೈರಿನ ಗಾಳಿ ಒಂದೇ ಇರುವುದಿಲ್ಲ. ಬಾಡಿಯ ಮೇಲಿನ ಗಟ್ಟಿ ಜಾಗಗಳಿಂದ ಎರಡೂ ಕಡೆ ಅಳೆದು ಹೋಲಿಸಿ. ಅಲ್ಲೇ ವ್ಯತ್ಯಾಸ ಬಂದರೆ ಕಾರು ಯಾವತ್ತೋ ಎಲ್ಲೋ ಗುದ್ದಿಸಿಕೊಂಡಿದೆ. 50 ವರ್ಷದಲ್ಲಿ ಒಂದು ಪೆಟ್ಟೂ ಬೀಳದ ಮೂತಿ ನಾನಂತೂ ಕಂಡಿಲ್ಲ.

ಡ್ರೈವ್‌ವೇ ಹತ್ತುವಾಗ ಕೆರೆಯುತ್ತದೆ

"ಹಾಕಿದ ದಿನ ಸರಿಯಿತ್ತು, ಮಾರನೇ ದಿನ ಕೆರೆಯಿತು" ಅನ್ನುತ್ತೀರಾ? ಕಾರನ್ನು ಜ್ಯಾಕ್‌ನಿಂದ ಇಳಿಸಿದ ತಕ್ಷಣ ಅಳತೆ ತೆಗೆದಿದ್ದೀರಿ ಅಂತ ಕಾಣುತ್ತದೆ. ಜ್ಯಾಕ್ ಮೇಲಿದ್ದಾಗ ಮುಂದಿನ ಚಕ್ರಗಳು ಕೆಳಗಿಳಿದು ಒಳಕ್ಕೆ ಸೇರುತ್ತವೆ. ಇಳಿಸಿದ ಮೇಲೂ ಟೈರು ನೆಲವನ್ನು ಕಚ್ಚಿಕೊಂಡು ಮೂತಿಯನ್ನು ಎತ್ತರದಲ್ಲೇ ಹಿಡಿದಿರುತ್ತದೆ. ಹತ್ತು ಅಡಿ ಹಿಂದೆ ಮುಂದೆ ಓಡಿಸಿದಾಗಲೇ ನಿಜವಾದ ಎತ್ತರಕ್ಕೆ ಕೂರುವುದು. ಇಬ್ಬರು ಕೂತು, ಟ್ಯಾಂಕ್ ತುಂಬಿದ ಮೇಲೆ ಅಳೆಯಿರಿ. ಇನ್ನೂ ಸ್ಪಾಯ್ಲರ್ ಕೊಂಡಿಲ್ಲದಿದ್ದರೆ, ಅಷ್ಟೇ ಉದ್ದದ ರಟ್ಟನ್ನು ಮೂತಿಗೆ ಅಂಟಿಸಿ ನಿಮ್ಮ ಡ್ರೈವ್‌ವೇ ಹತ್ತಿಸಿ ನೋಡಿ. ರಟ್ಟು ಮಡಿಸಿಕೊಂಡಷ್ಟು ಅಂಗುಲ ನಿಮಗೆ ಕಡಿಮೆ ಬೇಕು.

ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಮಾತ್ರ ಕೆರೆದರೆ ಅದು ನೆಲವಲ್ಲ, ಟೈರು. ಸ್ಪಾಯ್ಲರ್‌ನ ತುದಿಯಲ್ಲಿ ಕಪ್ಪು ಗುರುತು ಬಿದ್ದಿರುತ್ತದೆ. ಆ ತುದಿಯನ್ನು ಸ್ವಲ್ಪ ಉಜ್ಜಿ ತೆಗೆಯಿರಿ.

ಪೇಂಟ್ ಬಿರುಕು, ಪೇಂಟ್‌ನಲ್ಲಿ ಗುಳಿ

ಗುಳಿಗುಳಿಯಾಗಿದ್ದರೆ ಅಚ್ಚಿನಿಂದ ಬಿಡಿಸಲು ಹಚ್ಚಿದ್ದ ಮೇಣ ಪೂರ್ತಿ ಹೋಗಿರಲಿಲ್ಲ. ಮೊದಲು ಮೇಣ ತೆಗೆಯುವ ದ್ರಾವಣದಲ್ಲಿ ಒರೆಸಿ, ಆಮೇಲೆ ಎಮರಿ ಕಾಗದ. ತಿರುವುಮುರುವು ಮಾಡಿದರೆ ಮೇಣವನ್ನು ನೀವೇ ಒಳಗೆ ಉಜ್ಜಿದಂತೆ. ಯೂರಿಥೇನ್ ಮೇಲಿನ ಪೇಂಟ್ ಬಿರುಕು ಬಿಟ್ಟರೆ, ಬಾಗುವ ತುಂಡಿಗೆ ಬೆರೆಸಬೇಕಾದ ಫ್ಲೆಕ್ಸ್ ಏಜೆಂಟ್ ಬೆರೆಸಿಲ್ಲ. ಕೆರೆದು ಹೊಸದಾಗಿ ಹೊಡೆಯದೆ ಗತಿಯಿಲ್ಲ. ಕಬ್ಬಿಣದಲ್ಲಿ ನೀವು ಕೊರೆದ ತೂತುಗಳ ಅಂಚಿಗೂ ಅವತ್ತೇ ಪ್ರೈಮರ್ ಹಚ್ಚಿ. ಈ ಕಾರಿಗೆ ತುಕ್ಕು ಹಿಡಿಯಲು ನೆಪ ಬೇಕಾಗಿಲ್ಲ.

ನನ್ನ ಪ್ಯಾನ್ ಈಗ ವಾಪಸ್ ಜಾಗದಲ್ಲಿದೆ. ಮುರಿದ ಎರಡು ಬೋಲ್ಟುಗಳನ್ನು ಕೊರೆದು ತೆಗೆಯುವ ಕೆಲಸ ಮಾತ್ರ ಇನ್ನೂ ಬಾಕಿ. ಸದ್ಯಕ್ಕೆ ಆ ಕಡೆಯನ್ನು ಎರಡು ದಪ್ಪ ಝಿಪ್ ಟೈ ಹಿಡಿದುಕೊಂಡಿವೆ. ಸುನೋಲ್ ಏರಿನಲ್ಲಿ ಮುಳ್ಳು ನಡು ಬಿಟ್ಟು ಅಲ್ಲಾಡುತ್ತಿಲ್ಲ.